ತಂತಿಯ ದೋಷವೋ, ಗಾಳಿಯ ದೋಷವೋ? ಮನೆಯ ವೈಫೈ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿಯಿಂದ, ನಿವೃತ್ತ ಶಿಕ್ಷಕಿ): ನಮಸ್ಕಾರ. ನಮ್ಮದು ನಾಲ್ಕನೆಯ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ. 200 ಎಂಬಿಪಿಎಸ್ ಸಂಪರ್ಕಕ್ಕೆ ಹಣ ಕಟ್ಟುತ್ತಿದ್ದೇವೆ. ಹಗಲಿನಲ್ಲಿ ಹೇಗೋ ನಡೆಯುತ್ತದೆ. ಸಂಜೆ ಏಳು ದಾಟಿತೆಂದರೆ ಸೊಸೆಯ ಕಚೇರಿಯ ವೀಡಿಯೊ ಸಭೆ ನಿಂತು ನಿಂತು ಸಾಗುತ್ತದೆ. ಅವಳು ಕೆಲಸ ಮಾಡುವುದು ಒಳಗಿನ ಕೋಣೆಯಲ್ಲಿ, ರೂಟರ್ ಇರುವುದು ಹಾಲ್‌ನಲ್ಲಿ ಟಿವಿಯ ಹಿಂದೆ. ಕೇಬಲಿನ ಹುಡುಗ ಎರಡು ಸಲ ಬಂದು, ತನ್ನ ಮೊಬೈಲಿನಲ್ಲಿ ವೇಗ ಅಳೆದು, ‘ಲೈನ್ ಸರಿಯಿದೆ, ರೂಟರ್ ಹಳೆಯದಾಗಿದೆ, ಬದಲಾಯಿಸಿ’ ಎಂದು ಹೇಳಿ ಹೋದ. ರೂಟರಿಗೆ ಈಗ ಮೂರು ವರ್ಷ. ಬದಲಾಯಿಸಲೇಬೇಕೇ?

ಉತ್ತರ (ನೆಟ್‌ವರ್ಕ್ ತಂತ್ರಜ್ಞ, ಠಾಣೆ): ಟೀಚರ್, ನಮಸ್ಕಾರ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಹಗಲೆಲ್ಲ ಸರಿಯಾಗಿದ್ದು ಸಂಜೆ ಮಾತ್ರ ಸೊರಗುವ ರೂಟರ್ ಕೆಟ್ಟಿರುವ ಸಂಭವ ಕಡಿಮೆ. ಮುಂಬಯಿಯ ಕಟ್ಟಡಗಳಲ್ಲಿ ಕೇಬಲ್ ಎಳೆಯುತ್ತ 19 ವರ್ಷ ಕಳೆದಿದ್ದೇನೆ. ಇಷ್ಟು ವರ್ಷಗಳಲ್ಲಿ ನನಗೆ ಅತ್ಯಂತ ಬೇಸರ ತಂದಿರುವ ವಿಷಯ ಇದೇ: ದೋಷ ಎಲ್ಲಿದೆ ಎಂದು ಯಾರೂ ಹುಡುಕುವುದಿಲ್ಲ, ಒಳ್ಳೆಯ ರೂಟರ್‌ಗಳು ಭಂಗಾರದವನ, ಅಂದರೆ ಗುಜರಿಯವನ, ಚೀಲ ಸೇರುತ್ತವೆ.

ಇಂಟರ್ನೆಟ್ ನಿಮ್ಮ ಸೊಸೆಯ ಲ್ಯಾಪ್‌ಟಾಪ್ ತಲುಪುವುದು ಎರಡು ದಾರಿಗಳನ್ನು ದಾಟಿ. ಕಂಪನಿಯಿಂದ ರೂಟರಿನವರೆಗೆ ತಂತಿಯ ದಾರಿ, ರೂಟರಿನಿಂದ ಲ್ಯಾಪ್‌ಟಾಪಿನವರೆಗೆ ಗಾಳಿಯ ದಾರಿ. ಕೆಟ್ಟಿರುವುದು ಯಾವ ದಾರಿ ಎಂಬುದನ್ನು ಮೊದಲು ತಿಳಿಯಬೇಕು. ಆ ಹುಡುಗ ಹಗಲು ಹೊತ್ತಿನಲ್ಲಿ ಬಂದು, ರೂಟರಿನ ಪಕ್ಕದಲ್ಲೇ ನಿಂತು ಅಳೆದಿರಬೇಕು. ಆ ಅಳತೆಯಿಂದ ನಿಮಗೆ ಉಪಯೋಗವಿಲ್ಲ. ನೋವಿರುವ ಹೊತ್ತಿನಲ್ಲೇ ನಾಡಿ ನೋಡಬೇಕು.

ಇವತ್ತು ರಾತ್ರಿ ಎಂಟೂವರೆಗೆ ಮೂರು ಅಳತೆಗಳನ್ನು ತೆಗೆಯಿರಿ. ಮೊದಲನೆಯದು, ಲ್ಯಾಪ್‌ಟಾಪನ್ನು ರೂಟರಿನ ಹಿಂಭಾಗದ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳನ್ನು ಜೋಡಿಸುವ ಕಿಂಡಿ) ಕೇಬಲಿನಿಂದ ಜೋಡಿಸಿ, ವೈಫೈ ಆರಿಸಿ ಅಳೆದದ್ದು. ಎರಡನೆಯದು, ಹಾಲ್‌ನಲ್ಲಿ ಕುಳಿತು ವೈಫೈ ಮೂಲಕ. ಮೂರನೆಯದು, ಒಳಗಿನ ಕೋಣೆಯಲ್ಲಿ. ಆ ಹೊತ್ತಿನಲ್ಲಿ ಟಿವಿ, ಮೊಬೈಲ್ ಯಾವುದರಲ್ಲೂ ವೀಡಿಯೊ ಓಡುತ್ತಿರಬಾರದು. ಜೊತೆಗೆ, ಮೊಬೈಲಿನ ವೈಫೈ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಗಳ ಹೆಸರು ಎಷ್ಟು ಕಾಣುತ್ತವೆ, ಹಾಲ್‌ಗೂ ಕೋಣೆಗೂ ನಡುವೆ ಏನೇನಿದೆ ಎಂಬುದನ್ನೂ ತಿಳಿಸಿ.

ಪ್ರಶ್ನೆ (ಅದೇ ಶಿಕ್ಷಕಿ, ಮರುದಿನ): ಮೊಮ್ಮಗ ಅಳೆದು ಬರೆದುಕೊಟ್ಟಿದ್ದಾನೆ. ಕೇಬಲಿನಲ್ಲಿ 94, ಹಾಲ್‌ನಲ್ಲಿ 41, ಕೋಣೆಯಲ್ಲಿ 4. ಪಟ್ಟಿಯಲ್ಲಿ 27 ಹೆಸರುಗಳಿವೆ. ನಡುವಿನ ಗೋಡೆಗೆ ಕಬ್ಬಿಣದ ಕಪಾಟು ಆನಿಸಿದೆ, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ ಇದೆ.

ಉತ್ತರ: ಮೊಮ್ಮಗನಿಗೆ ನನ್ನ ಶಹಬ್ಬಾಸ್ ಹೇಳಿ. ಈ ಮೂರು ಸಂಖ್ಯೆಗಳು ಎಲ್ಲವನ್ನೂ ಹೇಳುತ್ತಿವೆ. ತಂತಿ ಸಂಜೆಯೂ 94 ಕೊಡುತ್ತಿದೆ. ವೀಡಿಯೊ ಸಭೆಗೆ ಅದರ ಹತ್ತನೆಯ ಒಂದು ಭಾಗವೂ ಬೇಕಾಗುವುದಿಲ್ಲ. ಸೊಸೆಯ ಸಭೆ ಸಾಯುತ್ತಿರುವುದು ಗಾಳಿಯ ದಾರಿಯಲ್ಲಿ. ಹಾಗೆಂದು ತಂತಿಯೂ ಪೂರ್ತಿ ನಿರ್ದೋಷಿಯಲ್ಲ. 200 ಬರಬೇಕಾದಲ್ಲಿ 94 ಏಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕೋಣೆಯ ಮಾತು ಮೊದಲು. ಲೋಹ ವೈಫೈ ಅಲೆಗಳನ್ನು ಹಿಂದಕ್ಕೆ ಹೊಡೆಯುತ್ತದೆ. ಕನ್ನಡಿಯ ಹಿಂದೆಯೂ ಲೋಹದ ಲೇಪವಿದೆ. ಟಿವಿಯ ಹಿಂಬದಿಯಲ್ಲಿಯೂ ಲೋಹದ ತಗಡು ಇರುತ್ತದೆ. ಟಿವಿಯ ಹಿಂದೆ ರೂಟರ್, ಅದರಾಚೆ ಕಾಂಕ್ರೀಟಿನ ಗೋಡೆ, ಗೋಡೆಗೆ ಕಪಾಟು: ಅಲೆ ದಾಟಬೇಕಾದ ಕೋಟೆ ಇದು. ರೂಟರನ್ನು ಅಲ್ಲಿಂದ ತೆಗೆದು ಎದೆಮಟ್ಟಕ್ಕಿಂತ ಮೇಲೆ, ಕೋಣೆಯ ಬಾಗಿಲು ನೇರವಾಗಿ ಕಾಣುವ ಜಾಗದಲ್ಲಿ ಇಡಿ. ಅಲೆಗಳು ಗೋಡೆಗಿಂತ ತೆರೆದ ಬಾಗಿಲಿನಿಂದ ಸುಲಭವಾಗಿ ಒಳಗೆ ಬರುತ್ತವೆ. ಅಟ್ಟದ ಮೇಲೆ ನೀರಿನ ಟಾಂಕಿ ಇದ್ದರೆ ಅದರ ಪಕ್ಕ ಬೇಡ, ನೀರು ಈ ಅಲೆಗಳನ್ನು ಹೀರುತ್ತದೆ.

ಇನ್ನು ಸಂಜೆಯ ಕಾಟ. ನಿಮ್ಮ ರೂಟರ್ ಎರಡು ತರಂಗಪಟ್ಟಿಗಳಲ್ಲಿ ಮಾತನಾಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ಮಟ್ಟಿಗೆ ದಾಟುತ್ತದೆ. ಆದರೆ ಅಲ್ಲಿ ಜಾಗ ಬಹಳ ಕಡಿಮೆ. 1ರಿಂದ 13ರವರೆಗೆ ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಕೂರಬಲ್ಲವು ಮೂರೇ: 1, 6 ಮತ್ತು 11. ನೀವು ಕಂಡ 27 ಮನೆಗಳೂ ಈ ಮೂರು ಬೆಂಚುಗಳಲ್ಲೇ ಕುಳಿತುಕೊಳ್ಳಬೇಕು. ಹಗಲಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಸಂಜೆ ಕಲ್ಯಾಣ್ ಫಾಸ್ಟ್ ಲೋಕಲ್ ರೈಲು ಬಂದು ಜನರನ್ನು ಇಳಿಸಿ ಹೋದ ಮೇಲೆ ಪ್ರತಿ ಮನೆಯಲ್ಲೂ ಟಿವಿ, ಮೊಬೈಲ್ ಶುರುವಾಗುತ್ತವೆ.

ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಪರಸ್ಪರ ಸರದಿ ಕಾಯುತ್ತವೆ. ಅದು ನಿಧಾನವಾದರೂ ಶಿಸ್ತಿನ ವ್ಯವಹಾರ. ಆದರೆ ನಡುವಿನ 3 ಅಥವಾ 4ರಲ್ಲಿ ಕುಳಿತ ರೂಟರಿಗೆ 1ರ ಮಾತೂ 6ರ ಮಾತೂ ಅರೆಬರೆಯಾಗಿ ಕೇಳಿ ಬರೀ ಗದ್ದಲವಾಗುತ್ತದೆ. ‘ಯಾರೂ ಇಲ್ಲದ ಚಾನೆಲ್ 4 ಸಿಕ್ಕಿತು’ ಎಂದು ಹಿಗ್ಗಿ ಅಲ್ಲಿ ಹೋಗಿ ಕೂರುವವರು ಬಹಳ ಮಂದಿ. ಹಾಗೆ ಮಾಡಬಾರದು.

ರೂಟರಿನ ತಳದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸ ಇರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು ವೈರ್‌ಲೆಸ್ ವಿಭಾಗಕ್ಕೆ ಹೋಗಿ. 2.4ರಲ್ಲಿ ಚಾನೆಲ್ ಯಾವುದಿದೆ ಎಂದು ನೋಡಿ, 1, 6, 11ರಲ್ಲಿ ಕಡಿಮೆ ಜನ ಇರುವುದನ್ನು ಆರಿಸಿ. ಚಾನೆಲ್ ಅಗಲ 40 ಎಂದಿದ್ದರೆ 20ಕ್ಕೆ ಇಳಿಸಿ. ಕಿಕ್ಕಿರಿದ ಕಡೆ ಎರಡು ಸೀಟು ಹಿಡಿದರೆ ಜಗಳವೇ ಹೆಚ್ಚು. ಸೊಸೆಯ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿ ನೋಡಿ. ಅಲ್ಲಿ ಜಾಗ ಧಾರಾಳವಾಗಿದೆ; ಗೋಡೆ ದಾಟುವ ಶಕ್ತಿ ಕಡಿಮೆ ಅಷ್ಟೆ. ಅದಕ್ಕಾಗಿಯೇ ಬಾಗಿಲಿನ ನೇರಕ್ಕೆ ಇಡಿ ಎಂದದ್ದು.

ಈಗ 94. ಆ ಸಂಖ್ಯೆ ಕಂಡರೆ ನನ್ನ ಕೈ ತಾನಾಗಿ ಇಕ್ಕಳ ಹುಡುಕುತ್ತದೆ. ಲ್ಯಾನ್ ಕೇಬಲಿನೊಳಗೆ ನಾಲ್ಕು ಜೊತೆ, ಅಂದರೆ ಎಂಟು ಎಳೆಗಳಿವೆ. 100ರ ವೇಗಕ್ಕೆ ಕಿತ್ತಳೆ ಮತ್ತು ಹಸಿರು, ಈ ಎರಡು ಜೊತೆ ಸಾಕು. 1000ದ ವೇಗಕ್ಕೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೊತೆಯಲ್ಲಿ ಒಂದೇ ಒಂದು ಎಳೆ ತುಂಡಾದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಅದರಲ್ಲಿ ಮಾಹಿತಿಯ ಜೊತೆ ಸಾಗುವ ವಿಳಾಸ, ಗುರುತುಗಳ ಹೊರೆ ಕಳೆದು ಕೈಗೆ ಬರುವುದು ಸುಮಾರು 94. ರೂಟರಿನ ಪುಟದಲ್ಲಿ ವ್ಯಾನ್ ಪೋರ್ಟಿನ (ಕಂಪನಿಯ ಕೇಬಲ್ ಬಂದು ಸೇರುವ ಕಿಂಡಿ) ವೇಗ 1000 ಎಂದಿದೆಯೋ 100 ಎಂದಿದೆಯೋ ನೋಡಿ. 1000 ಎಂದಿದ್ದರೆ ದೋಷ ನೀವು ಲ್ಯಾಪ್‌ಟಾಪಿಗೆ ಹಾಕಿದ ಕೇಬಲಿನಲ್ಲಿ, ಇಲ್ಲವೇ ಅದರ ಎರಡು ತುದಿಯ ಪೋರ್ಟುಗಳಲ್ಲಿ. 100 ಎಂದಿದ್ದರೆ, ರೂಟರಿನ ಪೋರ್ಟೇ 100ರದ್ದಲ್ಲವೆಂದು ಪೆಟ್ಟಿಗೆಯ ಮೇಲಿನ ವಿವರ ಓದಿ ಖಚಿತಪಡಿಸಿಕೊಂಡು, ಹುಡುಗನನ್ನು ಕರೆದು ಹೊರಗಿನಿಂದ ಬರುವ ಕೇಬಲಿನ ಎರಡೂ ತುದಿಗಳಿಗೆ ಹೊಸ ಕನೆಕ್ಟರ್ ಹಾಕಿಸಿ. ಎರಡೂ ತುದಿಗಳಿಗೆ, ಮನೆಯೊಳಗಿನ ತುದಿಗೆ ಮಾತ್ರ ಅಲ್ಲ.

ಪ್ರಶ್ನೆ (ಮೀರಾರೋಡ್‌ನಿಂದ): ಅಣ್ಣಾ, ನಮ್ಮದು ಫೈಬರ್. ಮಳೆ ಜೋರಾಯಿತೆಂದರೆ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ದೀಪ ಕೆಂಪಗೆ ಮಿಣುಕುತ್ತದೆ. ಮಳೆ ನಿಂತು ಎರಡು ಗಂಟೆಯ ಮೇಲೆ ತಾನೇ ಸರಿಯಾಗುತ್ತದೆ. ನೀರು ಒಳಗೆ ಹೋಗುತ್ತಿದೆಯೇ?

ಉತ್ತರ: ಆ ಕೆಂಪು ದೀಪದ ಅರ್ಥ, ಫೈಬರಿನಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ ಎಂದು. ಆಗ ವೈಫೈ ಸೆಟ್ಟಿಂಗ್ ಮುಟ್ಟಿ ಪ್ರಯೋಜನವಿಲ್ಲ. ನಿಮ್ಮ ಫೈಬರ್ ಮನೆಯೊಳಗೆ ಬರುವುದು ಸ್ಲೈಡಿಂಗ್ ಕಿಟಕಿಯ ಸಂದಿನಿಂದಲೇ? ಹಾಗಿದ್ದರೆ ನನ್ನ ಅನುಮಾನ ಮಳೆಯ ಮೇಲಲ್ಲ, ಕಿಟಕಿಯ ಮೇಲೆ. ಮಳೆ ಬಂದಾಗ ಕಿಟಕಿಯನ್ನು ಒತ್ತಿ ಮುಚ್ಚುತ್ತೀರಿ, ಚೌಕಟ್ಟಿನ ನಡುವೆ ಸಿಕ್ಕ ಫೈಬರ್ ಮಡಿಚಿಕೊಳ್ಳುತ್ತದೆ, ಬೆಳಕು ಆ ಮಡಿಕೆಯಲ್ಲೇ ಹೊರಗೆ ಸೋರಿಹೋಗುತ್ತದೆ. ಮಳೆ ನಿಂತ ಮೇಲೆ ಕಿಟಕಿ ತೆರೆಯುತ್ತೀರಿ, ಬೆಳಕು ಮರಳುತ್ತದೆ. ಮುಂದಿನ ಸಲ ದೀಪ ಕೆಂಪಾದಾಗ ಕಿಟಕಿಯನ್ನು ಎರಡು ಬೆರಳು ಸರಿಸಿ ನೋಡಿ.

ಪೆಟ್ಟಿಗೆಯ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇರುತ್ತದೆ. ಮನೆಗಳಿಗೆ ಬರುವ ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಪದ್ಧತಿ) ಸಂಪರ್ಕಗಳಲ್ಲಿ ಅದು ಮೈನಸ್ 8 ಮತ್ತು ಮೈನಸ್ 27ರ ನಡುವೆ ಇರಬೇಕು. ಪ್ರತಿ 3 ಇಳಿದಾಗ ಬೆಳಕು ಅರ್ಧವಾಗುತ್ತದೆ. ಕಿಟಕಿ ಮುಚ್ಚಿದಾಗ ಒಂದು, ತೆರೆದಾಗ ಒಂದು ಅಂಕಿ ಬರೆದುಕೊಂಡರೆ ಕಂಪನಿಯವರ ಮುಂದೆ ವಾದವೇ ಬೇಕಿಲ್ಲ. ಗೋಡೆಗೆ ತೂತು ಕೊರೆದು ಫೈಬರ್ ತರಲು ಹೇಳಿ. ಮತ್ತೊಂದು ಮಾತು: ಫೈಬರಿನ ಬಿಚ್ಚಿದ ತುದಿಯನ್ನು ಎಂದೂ ಕಣ್ಣಿಗೆ ಹಿಡಿದು ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.

ಪ್ರಶ್ನೆ (ಮುಲುಂಡ್‌ನಿಂದ): ಸರ್, ವೈಫೈ ನಿಧಾನವಾಗಿದೆ ಎಂದು ತಂದೆಯವರು ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿದರು. ಈಗ ವೈಫೈ ಹೆಸರೇ ಬದಲಾಗಿದೆ, ಇಂಟರ್ನೆಟ್ ಪೂರ್ತಿ ಇಲ್ಲ.

ಉತ್ತರ: ರೂಟರ್ ಕೆಟ್ಟಿಲ್ಲ, ತಂದೆಯವರಿಗೆ ಧೈರ್ಯ ಹೇಳಿ. ಆ ತೂತು ಅಂಗಡಿಯಿಂದ ಬಂದ ಸ್ಥಿತಿಗೆ ಮರಳಿಸುವ ರೀಸೆಟ್. ವೈಫೈ ಹೆಸರು, ಪಾಸ್‌ವರ್ಡ್ ಮಾತ್ರವಲ್ಲ, ಕಂಪನಿಯ ಪಿಪಿಪಿಓಇ ಲಾಗಿನ್ (ಕಂಪನಿಯ ಜಾಲಕ್ಕೆ ಸೇರಲು ರೂಟರ್ ಬಳಸುವ ಗುರುತು) ಕೂಡ ಅಳಿಸಿಹೋಗಿರುತ್ತದೆ. ಕಂಪನಿಗೆ ಫೋನ್ ಮಾಡಿ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳಿ, ರೂಟರಿನ ವ್ಯಾನ್ ಪುಟದಲ್ಲಿ ತುಂಬಿ. ಸರಿಯಾದ ಮೇಲೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ನಿಧಾನವಾದಾಗ ಮಾಡಬೇಕಾದದ್ದು ರೀಸ್ಟಾರ್ಟ್: ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕುವುದು, ಅಷ್ಟೇ.

ಪ್ರಶ್ನೆ (ಅಂಧೇರಿ ಪೂರ್ವದಿಂದ): ನಮ್ಮ ವೈಫೈನಲ್ಲಿ ಕೊನೆಗೆ ‘5ಜಿ’ ಎಂದಿರುವ ಹೆಸರು ದಿನಕ್ಕೆ ಐದಾರು ಸಲ ಒಂದು ನಿಮಿಷ ಮಾಯವಾಗಿ ಮತ್ತೆ ಬರುತ್ತದೆ. 2.4 ಹೆಸರು ಮಾತ್ರ ಒಮ್ಮೆಯೂ ಹೋಗುವುದಿಲ್ಲ. ಮೊಬೈಲ್ ಟವರಿನ ತೊಂದರೆಯೇ?

ಉತ್ತರ: ಅಲ್ಲ. ವೈಫೈ ಹೆಸರಿನ 5ಜಿಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಇದು 5 ಗಿಗಾಹರ್ಟ್ಸ್ ಎಂಬುದರ ಗುರುತು. ಎರಡೂ ಹೆಸರು ಒಟ್ಟಿಗೆ ಮಾಯವಾಗಿದ್ದರೆ ಅಡಾಪ್ಟರ್ ಸೊರಗಿ ರೂಟರ್ ತಾನೇ ಆರಿ ಹೊತ್ತಿಕೊಳ್ಳುತ್ತಿದೆ ಎನ್ನುತ್ತಿದ್ದೆ. 5 ಮಾತ್ರ, ಅದೂ ಒಂದು ನಿಮಿಷದ ಲೆಕ್ಕದಲ್ಲಿ ಹೋಗುತ್ತದೆ ಎಂದರೆ ಚಾನೆಲ್ ನೋಡಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈಫೈ ರಾಡಾರ್‌ಗಳೊಂದಿಗೆ ಹಂಚಿಕೊಳ್ಳುತ್ತದೆ, ಮೊದಲ ಹಕ್ಕು ರಾಡಾರಿನದು. ರಾಡಾರಿನ ಸದ್ದು ಕೇಳಿದರೆ ರೂಟರ್ ಆ ಚಾನೆಲನ್ನು ಬಿಟ್ಟು ಹೋಗಲೇಬೇಕು. ಹೊಸ ಜಾಗವೂ ಇದೇ ಸಾಲಿನಲ್ಲಿದ್ದರೆ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕೇಳಿ ನಂತರವೇ ಮಾತನಾಡಬೇಕು. ನಿಮ್ಮ ಒಂದು ನಿಮಿಷ ಅದೇ ಇರಬೇಕು. ಹವಾಮಾನ ರಾಡಾರ್‌ಗಳಲ್ಲಿ ಒಂದು ವರ್ಗ 5.6 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತದೆ. ನಿಮ್ಮ ಬಳಿಯ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ರಾಡಾರ್ ಇದೆ, ವಿಮಾನ ನಿಲ್ದಾಣವೂ ದೂರವಿಲ್ಲ. ಕೆಲವು ರೂಟರ್‌ಗಳು ಬೇರೆ ಸದ್ದನ್ನೇ ರಾಡಾರ್ ಎಂದು ಭ್ರಮಿಸುವುದೂ ಉಂಟು. ಯಾವುದೇ ಆಗಿರಲಿ, ‘ಆಟೊ’ ತೆಗೆದು ಚಾನೆಲನ್ನು 36, 40, 44, 48 ಅಥವಾ 149ರಿಂದ 161ರ ಸಾಲಿನಲ್ಲಿ ಒಂದಕ್ಕೆ ಕಟ್ಟಿಹಾಕಿ. ಅಲ್ಲಿ ಈ ನಿಯಮವಿಲ್ಲ.

ಪ್ರಶ್ನೆ (ಡೊಂಬಿವಲಿಯ ಶಿಕ್ಷಕಿ, ವಾರದ ನಂತರ): ಚಾನೆಲ್ 4ರಲ್ಲಿಯೇ ಇತ್ತು! 11ಕ್ಕೆ ಬದಲಾಯಿಸಿದೆವು. ರೂಟರ್ ಈಗ ದೇವರ ಮಂಟಪದ ಪಕ್ಕದ ಹಲಗೆಯ ಮೇಲಿದೆ. ವ್ಯಾನ್ 100 ಎಂದಿತ್ತು, ಪೆಟ್ಟಿಗೆಯಲ್ಲಿ ಗಿಗಾಬಿಟ್, ಅಂದರೆ 1000, ಎಂದು ಬರೆದಿತ್ತು. ಹುಡುಗ ತಾರಸಿಯ ಡಬ್ಬಿ ತೆರೆದಾಗ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತಂತೆ. ಬದಲಾಯಿಸಿದ ಮೇಲೆ ಕೇಬಲಿನಲ್ಲಿ 188, ಹಾಲ್‌ನಲ್ಲಿ 150, ಕೋಣೆಯಲ್ಲಿ ರಾತ್ರಿಯೂ 35. ಸೊಸೆ ನಿಮಗೆ ಕೃತಜ್ಞತೆ ತಿಳಿಸಿದ್ದಾಳೆ. ಕೋಣೆಗೆ ಇನ್ನೂ ಸ್ವಲ್ಪ ಹೆಚ್ಚಲಿ ಎಂದು ವೈಫೈಯನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಕೊಳ್ಳಬಹುದೇ? ಹಿಂದಿನ ಹಳೆಯ ರೂಟರ್ ಅಟ್ಟದಲ್ಲಿ ಬಿದ್ದಿದೆ.

ಉತ್ತರ: ಆ ಕಿಲುಬು ನಮ್ಮ ಮಳೆಗಾಲದ ಕೆಲಸ. ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂರುವಂತೆ ಸೊಸೈಟಿಯವರಿಗೆ ಹೇಳಿ, ಇಲ್ಲದಿದ್ದರೆ ಮತ್ತೆ ಹಿಡಿಯುತ್ತದೆ.

ರಿಪೀಟರ್ ಬೇಡ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮರಳಿ ಹೇಳುತ್ತದೆ, ವೇಗ ಅರ್ಧಕ್ಕೆ ಬೀಳುತ್ತದೆ. ಅಟ್ಟದ ರೂಟರನ್ನೇ ಇಳಿಸಿ. ಅದಕ್ಕೆ ಪಿನ್ ಚುಚ್ಚಬಹುದು, ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿ ಅದರ ವಿಳಾಸವನ್ನು 192.168.1.2 ಎಂದು ಬದಲಾಯಿಸಿ (ಮುಖ್ಯ ರೂಟರ್ 192.168.0.1 ಆಗಿದ್ದರೆ 192.168.0.2), ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ. ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲವಾಗುತ್ತದೆ. ವೈಫೈ ಭದ್ರತೆ ಡಬ್ಲ್ಯುಪಿಎ2 ಇರಲಿ, ಚಾನೆಲ್ 1 ಅಥವಾ 6 ಇರಲಿ. ಆಮೇಲೆ ಹಾಲ್‌ನ ರೂಟರಿನ ಲ್ಯಾನ್ ಪೋರ್ಟಿನಿಂದ ಇದರ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ, ವ್ಯಾನ್ ಪೋರ್ಟನ್ನು ಖಾಲಿ ಬಿಡಿ. ಬಾಗಿಲ ಚೌಕಟ್ಟಿನ ಮೇಲಿನಿಂದ ಕೇಬಲ್ ತಂದರೆ ಕಾಲಿಗೆ ತೊಡರುವುದಿಲ್ಲ. ಎಂಟೂ ಎಳೆಗಳನ್ನು ಟೆಸ್ಟರಿನಲ್ಲಿ ನೋಡಿ ಕೊಡಲು ಹುಡುಗನಿಗೆ ಹೇಳಿ. ಹಳೆಯ ರೂಟರಿನ ಅಡಾಪ್ಟರ್ ಸಿಗದಿದ್ದರೆ ಅದರ ತಳದಲ್ಲಿ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ ಓದಿ ನನಗೆ ತಿಳಿಸಿ. ಪಿನ್ ಹೊಂದಿತೆಂದು ಬೇರೆ ಯಾವುದನ್ನೂ ಚುಚ್ಚಬೇಡಿ.