ಪದಚರ್ಚೆ: ಸರ್ವರ್ 'ಗ್ರೇಸ್‌ಫುಲ್' ಆಗಿ ನಿಲ್ಲುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬದಿಯಡ್ಕದ ಆಸುಪಾಸಿನ ನಾಲ್ಕೈದು ಮಕ್ಕಳು ನನ್ನ ಹತ್ತಿರ ಸರ್ವರ್ ಕೆಲಸ ಕಲಿಯುತ್ತಿದ್ದಾರೆ. ಎಲ್ಲರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗಾಗಿ ಅಪಾಚೆ ಎಂಬ ವೆಬ್ ಸರ್ವರನ್ನು (ಕೇಳಿದವರಿಗೆ ವೆಬ್ ಪುಟ ಕಳಿಸುವ ಪ್ರೋಗ್ರಾಂ) ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಹೇಗೆ ಅಂತ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. 'ಗ್ರೇಸ್‌ಫುಲ್' ಎಂಬ ಪದ ಬಂದಲ್ಲಿ ಪೆನ್ನು ನಿಂತುಬಿಟ್ಟಿದೆ. ಸರ್ವರ್ ನಿಲ್ಲಿಸಲು ಇರುವ ಎರಡು ದಾರಿಗಳಲ್ಲಿ ಒಂದರ ಹೆಸರು ಅದು.

ನಿಘಂಟಿನಲ್ಲಿ ಸೊಗಸಾದ, ನಯವಾದ ಅಂತೆಲ್ಲ ಸಿಗುತ್ತದೆ. 'ನಯವಾಗಿ ನಿಲ್ಲಿಸು' ಅಂತ ಬರೆದು ಕೊಟ್ಟೆ. ಒಬ್ಬಳು ಕೇಳಿದಳು, "ಟೀಚರ್, ಹಾಗಾದ್ರೆ ಇನ್ನೊಂದು ನಯ ಇಲ್ಲದ್ದಾ? ಎರಡರಲ್ಲೂ ಸರ್ವರ್ ನಿಲ್ತದಲ್ವಾ?" ಒಳ್ಳೆಯ ಪ್ರಶ್ನೆ. ನಾನು ಕೊಟ್ಟ ಪದ ಅವಳಿಗೆ ಏನನ್ನೂ ಹೇಳಿರಲಿಲ್ಲ.

ಅಪಾಚೆಯಲ್ಲಿ ಒಂದು ತಾಯಿ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ), ಅದರ ಕೆಳಗೆ ಮಕ್ಕಳು, ಅಂದರೆ ಅದು ಹುಟ್ಟಿಸಿದ ಪ್ರೊಸೆಸ್‌ಗಳು. ಬಂದವರ ಕೆಲಸ ಮಾಡಿಕೊಡುವುದು ಮಕ್ಕಳೇ. ತಾಯಿಗೆ 'ಟರ್ಮ್' ಎಂಬ ಸಿಗ್ನಲ್ (ಪ್ರೊಸೆಸ್‌ಗೆ ಕಳಿಸುವ ಸಣ್ಣ ಸೂಚನೆ) ಕೊಟ್ಟರೆ ಅದು ಮಕ್ಕಳನ್ನೆಲ್ಲ ಕೂಡಲೇ ಕೊಂದು ತಾನೂ ಹೋಗುತ್ತದೆ. ನಡೆಯುತ್ತಿದ್ದ ಕೆಲಸ ಅರ್ಧಕ್ಕೇ ಕಡಿದುಹೋಗುತ್ತದೆ. 'ವಿಂಚ್' ಕೊಟ್ಟರೆ ಹಾಗಲ್ಲ, ಗ್ರೇಸ್‌ಫುಲ್ ಅನ್ನುವುದು ಇದನ್ನೇ. ಪೋರ್ಟಿನಲ್ಲಿ (ಹೊರಗಿನವರು ಒಳಬರುವ ಬಾಗಿಲು) ಹೊಸ ಕರೆ ಕೇಳಿಸಿಕೊಳ್ಳುವುದನ್ನು ಬಿಟ್ಟು, ಒಳಗಿದ್ದವರ ಕೆಲಸ ಮುಗಿಯುವವರೆಗೆ ಕಾದು, ಆಮೇಲೆ ನಿಲ್ಲುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಸೆಕೆಂಡಿನಲ್ಲಿ ಹೇಳಬಹುದು. ಹೇಳದಿದ್ದರೆ ಅದು 0. ಇಲ್ಲಿ 0 ಅಂದರೆ ಎಷ್ಟು ಹೊತ್ತಾದರೂ ಕಾಯಿ ಅಂತ.

ಈ ವ್ಯತ್ಯಾಸ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷದ ಹಿಂದೆ ಒಂದು ಕಡೆ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅರ್ಜಿ ಹಾಕುವ ಕೊನೆಯ ದಿನ ಸಂಜೆ ಸಣ್ಣದೊಂದು ಸೆಟ್ಟಿಂಗ್ ಬದಲಿಸಿ, ಸ್ಟಾಪ್ (ಅಂದರೆ ಟರ್ಮ್) ಕೊಟ್ಟು ಸ್ಟಾರ್ಟ್ ಕೊಟ್ಟೆ. ಎರಡೇ ನಿಮಿಷಕ್ಕೆ ಫೋನ್ ಬಂತು. "ಮಗಳ ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಆಗ್ತಾ ಇತ್ತು, ಅರ್ಧಕ್ಕೇ ಹೋಯ್ತು ಮಾರಾಯ್ರೆ. ನಮಗೆ ನೆಟ್ ಸಿಗುವುದೇ ಅಂಗಳದ ಮೂಲೆಯಲ್ಲಿ, ಮಳೆ ಬೇರೆ." ಕೊಡೆ ಹಿಡಿದು ನಿಂತವರ ದನಿ ಅದು, ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಅವರು ಮೊದಲಿನಿಂದ ಎಲ್ಲ ತುಂಬಬೇಕಾಯಿತು. ಆದ್ದರಿಂದ ಕೈಯಲ್ಲಿದ್ದ ಕೆಲಸ ಮುಗಿಸುವುದು ಎಂಬ ಅರ್ಥ ಪದದೊಳಗೇ ಇರಬೇಕು ಅಂತ ನನಗೆ ಜಾಸ್ತಿ ಅನಿಸುತ್ತದೆ.

ನಮ್ಮ ಪೇಟೆಯಲ್ಲಿ ಇದನ್ನು ದಿನಾ ನೋಡುತ್ತೇವೆ. ರಾತ್ರಿ ಅಂಗಡಿಯವರು ಶಟರ್ ಅರ್ಧ ಇಳಿಸುತ್ತಾರೆ. ಒಳಗಿದ್ದವರಿಗೆ ಅಕ್ಕಿ ತೂಗಿ, ಚಿಲ್ಲರೆ ಕೊಟ್ಟು, ಬಗ್ಗಿಸಿ ಹೊರಗೆ ಕಳಿಸುತ್ತಾರೆ. ಹೊಸಬರು ಬಂದರೆ "ನಾಳೆ ಬನ್ನಿ". ಕಲಿಯುವ ಮಕ್ಕಳಿಗೆ 'ಅರ್ಧ ಶಟರ್' ಅಂದ ಕೂಡಲೇ ವಿಂಚ್ ಅರ್ಥವಾಯಿತು. ಪಾಠಕ್ಕೆ ಇದು ಚೆನ್ನಾಗಿದೆ, ಬಟನ್ ಮೇಲೆ ಬರೆಯಲು ಬರುವುದಿಲ್ಲ.

'ಮುಗಿಸಿ ನಿಲ್ಲಿಸು' ಅಂತ ಬರೆದೆ. ಅಲ್ಲಿ ಎರಡು ತೊಡಕು. 'ಮುಗಿಸು' ಅಂದರೆ ಕೊಲ್ಲು ಅಂತಲೂ ಆಗುತ್ತದೆ. ಮಕ್ಕಳನ್ನು ಮುಗಿಸಿ ನಿಲ್ಲಿಸು ಅಂತ ಓದಿಕೊಂಡರೆ ಅರ್ಥ ಪೂರ್ತಿ ತಿರುಗಿತು, ಅದು ಟರ್ಮ್‌ನ ಕೆಲಸ! ಇನ್ನು 'ನಿಲ್ಲಿಸು'. ಕಂಬ ನಿಲ್ಲಿಸುತ್ತೇವೆ, ಬಸ್ಸೂ ನಿಲ್ಲಿಸುತ್ತೇವೆ. 'ಸರ್ವರ್ ನಿಲ್ಲಿಸಿದೆ' ಅಂದರೆ ಹೊಸದಾಗಿ ಎಬ್ಬಿಸಿ ನಿಲ್ಲಿಸಿದ್ದೋ, ಬಂದ್ ಮಾಡಿದ್ದೋ?

ಕೊನೆಗೆ 'ಕೆಲಸ ಮುಗಿಸಿ ನಿಲ್ಲು' ಅಂತ ಮಾಡಿದ್ದೇನೆ. ಸಿಗ್ನಲ್ ಹೋಗುವುದು ತಾಯಿ ಪ್ರೊಸೆಸ್‌ಗೆ ತಾನೇ, ಅದಕ್ಕೆ ನೇರವಾಗಿ ಹೇಳಿದ ಹಾಗೆ. ನಮ್ಮ ಕಡೆ 'ನಿಲ್ಲಿ' ಅಂದರೆ 'ಸ್ವಲ್ಪ ಕಾಯಿರಿ' ಅಂತಲೂ ಹೌದು. ಇಲ್ಲಿ ಆ ಅರ್ಥವೂ ಸೇರಿಕೊಂಡರೆ ನಷ್ಟವಿಲ್ಲ, ತಾಯಿ ನಿಜವಾಗಿ ಕಾಯುತ್ತಲೇ ಇರುತ್ತದೆ. ಟರ್ಮ್‌ಗೆ 'ಕೂಡಲೇ ನಿಲ್ಲು'.

ನನಗೆ ಇನ್ನೂ ಸಿಗದಿರುವುದು ರೀಸ್ಟಾರ್ಟ್‌ನ ಪದ. 'ಮರುಪ್ರಾರಂಭ' ಎಂದರೆ ಒಮ್ಮೆ ಪೂರ್ತಿ ನಿಂತು ಮತ್ತೆ ಹೊರಟಂತೆ ಕೇಳುತ್ತದೆ. ಆದರೆ ಅದಕ್ಕೆ 'ಹಪ್' ಎಂಬ ಸಿಗ್ನಲ್ ಕೊಟ್ಟಾಗ ಮಕ್ಕಳು ಸಾಯುತ್ತಾರೆ, ತಾಯಿ ಸಾಯುವುದಿಲ್ಲ. ಸೆಟ್ಟಿಂಗ್ ಫೈಲನ್ನು ಪುನಃ ಓದಿ, ಲಾಗ್ ಫೈಲನ್ನು (ನಡೆದದ್ದನ್ನೆಲ್ಲ ಬರೆದಿಡುವ ಫೈಲು) ಪುನಃ ತೆರೆದು, ಹೊಸ ಮಕ್ಕಳನ್ನು ಹುಟ್ಟಿಸುತ್ತದೆ. ತಾಯಿಯ ಪ್ರೊಸೆಸ್ ನಂಬರನ್ನು ಮೊದಲೂ ಆಮೇಲೂ ನೋಡಿ ಬರೆದುಕೊಳ್ಳಲು ಕಲಿಯುವ ಮಕ್ಕಳಿಗೆ ಹೇಳಿದ್ದೆ. ಎರಡೂ ಸಲ ಅದೇ ನಂಬರು.

ಇದರ ಗ್ರೇಸ್‌ಫುಲ್ ರೂಪ 'ಯುಎಸ್‌ಆರ್1'. ಯಾವ ಮಗುವಿನ ಕೈಯಲ್ಲಿ ಕೆಲಸವಿದೆಯೋ ಅದು ಮುಗಿಸಿ ಹೋಗುತ್ತದೆ, ಖಾಲಿ ಇದ್ದದ್ದು ಆಗಲೇ ಹೋಗುತ್ತದೆ. ಹೋದವರ ಜಾಗಕ್ಕೆ ಹೊಸ ಸೆಟ್ಟಿಂಗಿನ ಮಗು ಬರುತ್ತದೆ. ಊಟದ ಹಂತಿಗೆ ಹೋಲಿಸೋಣ ಅಂತಿದ್ದೆ, ಹೊಂದುವುದಿಲ್ಲ. ಹಂತಿಯಲ್ಲಿ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಹೋಟೆಲಿನ ಮಧ್ಯಾಹ್ನದ ಊಟ ಸರಿ: ಒಬ್ಬರು ಎದ್ದರು, ಎಲೆ ತೆಗೆದರು, ಮೇಜು ಒರೆಸಿದರು, ಇನ್ನೊಬ್ಬರಿಗೆ ಎಲೆ ಹಾಕಿದರು. ಸಾಂಬಾರು ಬದಲಾಗಿದ್ದರೆ ಹೊಸಬರಿಗೆ ಹೊಸದು. ಯಕ್ಷಗಾನದಲ್ಲಿ ರಾತ್ರಿ ಭಾಗವತರು ಬದಲಾಗುವುದೂ ನೆನಪಾಯಿತು. ಒಬ್ಬರು ಎದ್ದು ಇನ್ನೊಬ್ಬರು ಕೂತು ಜಾಗಟೆ ಹಿಡಿದರೂ ಪ್ರಸಂಗ ನಿಲ್ಲುವುದಿಲ್ಲ. 'ಕೈ ಬದಲು' ಅಂದರೆ ಹೇಗೆ? ಇಲ್ಲಾ 'ಪಾಳಿ ಬದಲು'? ಪಾಳಿ ಅಂದರೆ ಮತ್ತೆ ಎಲ್ಲರೂ ಒಟ್ಟಿಗೆ ಹೋದ ಹಾಗೆ ಕೇಳುವುದಿಲ್ಲವೇ?

ಸಿಗ್ನಲ್‌ಗಳ ಹೆಸರನ್ನು ಮಾತ್ರ ಹಾಗೆಯೇ ಬಿಡುತ್ತೇನೆ. ಹಪ್ ಅಂದರೆ ಮೂಲದಲ್ಲಿ ಆಚೆಯವರು ಫೋನ್ ಇಟ್ಟರು ಅಂತ. ವಿಂಚ್ ಅಂದರೆ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ) ಕಿಟಕಿಯ ಅಳತೆ ಬದಲಾಯಿತು ಅಂತ. ಅಪಾಚೆಯಲ್ಲಿ ಆ ಅರ್ಥ ಉಳಿದಿಲ್ಲ, ಅನುವಾದ ಮಾಡಿದರೆ ಕಲಿಯುವ ಮಕ್ಕಳು ದಾರಿ ತಪ್ಪುತ್ತಾರೆ. ಎಂಜಿನ್ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರಿನಲ್ಲಂತೂ ಯುಎಸ್‌ಆರ್1 ಕೊಟ್ಟರೆ ಲಾಗ್ ಫೈಲ್ ಪುನಃ ತೆರೆಯುತ್ತದೆ, ಅಷ್ಟೇ. ಅಲ್ಲಿ ಕೆಲಸ ಮುಗಿಸಿ ನಿಲ್ಲಲು 'ಕ್ವಿಟ್' ಕೊಡಬೇಕು.

'ಕೆಲಸ ಮುಗಿಸಿ ನಿಲ್ಲು' ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ. ರೀಸ್ಟಾರ್ಟ್‌ಗೆ, ತಾಯಿ ಉಳಿದು ಮಕ್ಕಳು ಮಾತ್ರ ಒಬ್ಬೊಬ್ಬರಾಗಿ ಬದಲಾಗುವುದಕ್ಕೆ, ನಿಮ್ಮ ಊರಿನ ಗದ್ದೆಯಲ್ಲೋ ಅಡುಗೆಮನೆಯಲ್ಲೋ ಬಳಸುವ ಮಾತು ಇದ್ದರೆ ದಯವಿಟ್ಟು ಬರೆಯಿರಿ. ಟಿಪ್ಪಣಿಯ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.