ಕೊರವ ಮೀನಿಗೆ ಕಪ್ಪೆ ಲೂರ್: ಯಾವ ದಾರ ಹಾಕಬೇಕು?

ಪ್ರಶ್ನೆ (ಪಾಂಡವಪುರದವ):
ಎರೆಹುಳು ಸಿಕ್ಕಿಸಿ, ಬೆಂಡು ತೇಲಿಬಿಟ್ಟು ಗಾಳ ಹಾಕುವುದು ನನಗೆ ಚಿಕ್ಕಂದಿನಿಂದ ರೂಢಿ. ಈಗ ನಮ್ಮೂರ ಕೆರೆಯ ಕೊರವ ಮೀನಿಗಾಗಿ ಸ್ಪಿನ್ನಿಂಗ್ ರೀಲ್ ಮತ್ತು ರಬ್ಬರ್ ಕಪ್ಪೆಯ ಲೂರ್ (ಮೀನನ್ನು ಮರುಳು ಮಾಡುವ ನಕಲಿ ಎರೆ) ಕೊಂಡಿದ್ದೇನೆ. ಅಮೆರಿಕದ ಬ್ಯಾಸ್ ಮೀನುಗಾರರ ವಿಡಿಯೊಗಳಲ್ಲಿ ಒಬ್ಬರು ಫ್ಲೋರೊಕಾರ್ಬನ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ದಾರವೇ ಸರಿ ಎಂದರೆ ಇನ್ನೊಬ್ಬರು ಹಲವು ಎಳೆ ಹೆಣೆದ ಬ್ರೇಡೆಡ್ ದಾರವಿಲ್ಲದೆ ಆಗದು ಎನ್ನುತ್ತಾರೆ. ದಡದುದ್ದಕ್ಕೂ ತಾವರೆ ಎಲೆ, ಜೊಂಡು ತುಂಬಿರುವ, ಸದಾ ಬಗ್ಗಡವಾಗಿರುವ ನೀರಿಗೆ ಯಾವುದು ಹೊಂದುತ್ತದೆ? ಅಂಗಡಿಯವರು ಸುತ್ತಿಕೊಟ್ಟ ನೈಲಾನ್ ಸಾಲದೇ?

ಉತ್ತರ (ತೂಬಿನ ಪಕ್ಕ, ಮಂಡ್ಯ):
ಬ್ರೇಡೆಡ್ ದಾರವನ್ನೇ ಹಾಕಿ. 40 ಪೌಂಡಿಗಿಂತ ಕಡಿಮೆ ಭಾರ ತಡೆಯುವಂಥದು ಬೇಡ. ಕಪ್ಪೆ ಲೂರಿನ ಎರಡು ಕೊಕ್ಕೆಗಳೂ ಮೇಲ್ಮುಖವಾಗಿ ಅದರ ಬೆನ್ನಿಗೆ ಒತ್ತಿಕೊಂಡಿರುವುದರಿಂದಲೇ ಅದು ತಾವರೆ ಎಲೆಯ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ಕಚ್ಚಿದಾಗ ಲೂರಿನ ಟೊಳ್ಳು ಮೈ ಅದುಮಿಕೊಂಡು, ಕೊಕ್ಕೆ ಹೊರಬಂದು, ಕೊರವದ ಗಟ್ಟಿ ದವಡೆಗೆ ನಾಟಬೇಕು. ನೈಲಾನ್ ಹಿಗ್ಗುವುದರಿಂದ ನೀವು ಎಳೆದ ರಭಸದ ಒಂದು ಪಾಲು ದಾರದಲ್ಲೇ ಕಳೆದುಹೋಗುತ್ತದೆ. ಅಷ್ಟರಲ್ಲಿ ಮೀನು ಜೊಂಡಿನ ಬುಡ ಸೇರಿರುತ್ತದೆ. ಬ್ರೇಡೆಡ್ ದಾರ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಜೊತೆಗೆ ಎಳೆಯ ದಂಟುಗಳನ್ನು ಕತ್ತರಿಸಿಕೊಂಡು ಬರುತ್ತದೆ.

ಫ್ಲೋರೊಕಾರ್ಬನ್ ಬೆಳಕನ್ನು ಬಾಗಿಸುವ ಪ್ರಮಾಣ ನೀರಿನದಕ್ಕೆ ಹತ್ತಿರವಿರುವುದರಿಂದ ತಿಳಿನೀರಿನಲ್ಲಿ ಅದು ಮೀನಿಗೆ ಸುಲಭವಾಗಿ ಕಾಣುವುದಿಲ್ಲ. ಬಗ್ಗಡ ನೀರಿನಲ್ಲಿ ಆ ಗುಣಕ್ಕೆ ಕೊಡುವ ಹಣ ದಂಡ. ಮೇಲಾಗಿ ಅದು ನೀರಿಗಿಂತ ಭಾರವಾದ್ದರಿಂದ ಮುಳುಗಿ ಕಪ್ಪೆಯ ಮೂತಿಯನ್ನು ಕೆಳಕ್ಕೆಳೆಯುತ್ತದೆ. ಬ್ರೇಡೆಡ್ ದಾರ ತೇಲುತ್ತದೆ. ನಿಮ್ಮ ನೈಲಾನನ್ನು ಬಿಸಾಡಬೇಡಿ. ಬ್ರೇಡೆಡ್ ದಾರ ರೀಲಿನ ಬರಿಯ ಸ್ಪೂಲಿನ (ದಾರ ಸುತ್ತುವ ಉರುಳೆಯ) ಮೇಲೆ ಜಾರುತ್ತದೆ, ಆದ್ದರಿಂದ ಕೆಳಗೆ ಕೆಲವು ಸುತ್ತು ನೈಲಾನ್ ಸುತ್ತಿ ಅದಕ್ಕೆ ಇದನ್ನು ಗಂಟು ಹಾಕಿ.

ಕೊರವ ಗಾಳಿ ಸೇವಿಸಲು ಆಗಾಗ ಮೇಲೆ ಬರುವ ಮೀನು. ಗುಳ್ಳೆ ಎದ್ದ ಜಾಗವನ್ನು ದಾಟಿಸಿ ಲೂರನ್ನು ಎಸೆದು, ಅದರತ್ತ ನಿಧಾನವಾಗಿ ನಡೆಸಿಕೊಂಡು ಬನ್ನಿ. ನೀರು ಸಿಡಿದ ಕೂಡಲೇ ಎಳೆಯದೆ, ಭಾರ ಕೈಗೆ ತಾಕಿದ ಮೇಲೆ ಜೋರಾಗಿ ಎಳೆಯಿರಿ.

ಉತ್ತರ (ನಾಲೆ ದಡ):
ಮೇಲಿನವರ ಮಾತು ಜೊಂಡಿನ ಕೆರೆಗೆ ಸರಿ, ಎಲ್ಲ ಕಡೆಗೂ ಅಲ್ಲ. ತೆರೆದ ನೀರಿನಲ್ಲಿ ಮೂರು ಮುಳ್ಳಿನ ಕೊಕ್ಕೆಯಿರುವ, ಎಳೆದಾಗ ಮರಿಮೀನಿನಂತೆ ಅಲುಗುವ ಲೂರಾದ ಕ್ರ್ಯಾಂಕ್‌ಬೇಟ್ ಎಳೆಯುವಾಗ ನೈಲಾನಿನ ಹಿಗ್ಗುವಿಕೆಯೇ ಅನುಕೂಲ. ಮೀನು ತಲೆ ಕೊಡವಿದಾಗ ಕೊಕ್ಕೆ ಬಾಯಿ ಹರಿದುಕೊಂಡು ಕಳಚುವುದಿಲ್ಲ. ತುಂಡಾದ ದಾರವನ್ನು ಮಾತ್ರ ಯಾವ ಕಾರಣಕ್ಕೂ ದಡದಲ್ಲಿ ಬಿಡಬೇಡಿ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಉತ್ತರ (ಮೈಸೂರಿನ ಹಳಬ):
ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ (ದೊಡ್ಡ ನದಿಮೀನು) ಹಿಡಿದದ್ದನ್ನು ಗಾಳದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಆ ಹುಮ್ಮಸ್ಸಿನಲ್ಲಿ ಕಾವೇರಿಯ ಅಭಯಾರಣ್ಯದೊಳಗೋ ರಂಗನತಿಟ್ಟಿನ ಬಳಿಯೋ ಗಾಳ ಹಿಡಿದು ಹೋಗಬೇಡಿ. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಊರ ಕೆರೆಯಾದರೂ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆಯಿರಿ.

ಸಂತೋಷದ ಮಾತಿಗೆ ಬಂದರೆ, ಬೆಂಡು ನೋಡುತ್ತ ಕೂರುವುದರಲ್ಲಿ ನೆಮ್ಮದಿಯಿದೆ, ಲೂರಿನಲ್ಲಿ ನಿಮ್ಮ ಕೈಯೇ ಕಪ್ಪೆಗೆ ಜೀವ ಕೊಡಬೇಕು. ನನಗೆ ಎರಡನೆಯದೇ ಇಷ್ಟ. ಆದರೆ ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಒಟ್ಟಾಗಿ ಕುದಿಯುವಂತೆ ಕಂಡರೆ ಅಲ್ಲಿಗೆ ಎಸೆಯಬೇಡಿ. ಕೆಳಗೆ ಕಾವಲಿರುವ ಕೊರವ ಹಸಿವಿಲ್ಲದಿದ್ದರೂ ಮರಿಗಳ ಮೇಲಿನ ಕಾಳಜಿಗೆ ಲೂರನ್ನು ಕಚ್ಚುತ್ತದೆ, ಅದನ್ನು ಎತ್ತಿಕೊಂಡರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.