ಮಾಲಿಕ್ಯುಲರ್ ಬಯಾಲಜಿ ಮೊದಲಿಂದ ಓದಬೇಕು, ಯಾವುದರಿಂದ ಶುರು ಮಾಡಲಿ? ಇರೋದು ಫೋನ್ ಮಾತ್ರ

ಜಗಳೂರು_ಬಯೋಕೆಮ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮೊದಲ ವರ್ಷ ಓದುತ್ತಿದ್ದೇನೆ. ಊರು ಜಗಳೂರು ಹತ್ತಿರ, ಇಲ್ಲಿ ವಿದ್ಯಾನಗರದಲ್ಲಿ ಪಿ.ಜಿ.ಯಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಡಿಗ್ರಿಯಲ್ಲಿ ಮಾಲಿಕ್ಯುಲರ್ ಬಯಾಲಜಿ ಒಂದು ಪೇಪರ್ ಇತ್ತು, ನೋಟ್ಸ್ ಓದಿ ಮಾರ್ಕ್ಸೂ ಬಂತು. ಆದರೆ ಈಗ ಸೆಮಿನಾರ್ ಕೊಡುವಾಗ ಯಾರಾದರೂ "ಅದು ಹಾಗೇ ನಡೆಯುತ್ತೆ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಅದು ತುಂಬಾ ಕಾಡುತ್ತಿದೆ.

ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ. ಗ್ರೂಪ್‌ಗಳಲ್ಲಿ ಬಂದ ಪಿಡಿಎಫ್‌ಗಳು ರಾಶಿ ಇವೆ, ಯಾವುದನ್ನು ತೆರೆದರೂ ಮೊದಲ ಅಧ್ಯಾಯ ದಾಟುತ್ತಿಲ್ಲ. ನಾನು ಕೇಳಬೇಕಾದ್ದು ಇಷ್ಟು. ಯಾವ ಪುಸ್ತಕ ಹಿಡಿಯಲಿ? ಉಚಿತವಾಗಿ ಸಿಗುವ ಒಳ್ಳೆ ವಿಡಿಯೋ ಯಾವುವು? ನೆಟ್ ಪರೀಕ್ಷೆಗೆ (ಸಂಶೋಧನಾ ಫೆಲೋಶಿಪ್, ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ಪರೀಕ್ಷೆ) ಕೋಚಿಂಗ್ ನೋಟ್ಸ್ ಸಾಕಾಗುತ್ತಾ? ಲ್ಯಾಬ್ ಅಭ್ಯಾಸ ಕಡಿಮೆ ಇರುವವರು ಏನು ಮಾಡಬಹುದು?

ಇನ್ನೊಂದು ಸಣ್ಣ ಡೌಟ್. ಡಿಎನ್‌ಎ ಎಳೆಯ ಎರಡು ತುದಿಗಳಿಗೆ 5 ಪ್ರೈಮ್, 3 ಪ್ರೈಮ್ ಅಂತಾರಲ್ಲ, ಹೊಸ ಎಳೆ ಯಾವಾಗಲೂ 5 ಪ್ರೈಮ್‌ನಿಂದ 3 ಪ್ರೈಮ್ ಕಡೆಗೇ ಯಾಕೆ ಬೆಳೆಯಬೇಕು? ಎರಡೂ ಕಡೆ ಬೆಳೆದಿದ್ದರೆ ತುಂಡು ತುಂಡಾಗಿ ತಯಾರಾಗುವ ಲ್ಯಾಗಿಂಗ್ ಸ್ಟ್ರ್ಯಾಂಡ್, ಅದರ ಒಕಾಜಾಕಿ ತುಂಡು ಇವೆಲ್ಲ ಬೇಕೇ ಇರಲಿಲ್ಲ ಅಲ್ವಾ?

ತೋಳಹುಣಸೆ_ಸೀನಿಯರ್

ಮೊದಲ ಕೆಲಸ, ಆ ಪಿಡಿಎಫ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಮುಚ್ಚಿಬಿಡಿ. ಒಂದೇ ಪುಸ್ತಕ ಹಿಡಿಯಿರಿ. ನನ್ನನ್ನು ಕೇಳಿದರೆ ಆಲ್ಬರ್ಟ್ಸ್ ಮತ್ತು ಜೊತೆಯವರು ಬರೆದ "ಮಾಲಿಕ್ಯುಲರ್ ಬಯಾಲಜಿ ಆಫ್ ದ ಸೆಲ್". ದಪ್ಪ ನೋಡಿ ಹೆದರಬೇಡಿ, ಅದರ ಇಂಗ್ಲಿಷ್ ನಮ್ಮ ಎಷ್ಟೋ ಗೈಡ್‌ಗಳ ಇಂಗ್ಲಿಷ್‌ಗಿಂತ ಸುಲಭ. ಹೊಸ ಪ್ರತಿಗೆ ದುಡ್ಡು ಜಾಸ್ತಿ, ಕೊಳ್ಳಬೇಕಾಗಿಲ್ಲ. ಲೈಬ್ರರಿಯಲ್ಲಿ ಹಳೇ ಎಡಿಷನ್ ಸಿಕ್ಕರೂ ಸಾಕು. ಅದೂ ಇಲ್ಲ ಅಂದರೆ ಎನ್‌ಸಿಬಿಐ (ಅಮೆರಿಕದ ಸರ್ಕಾರಿ ಜೀನ್ ಮಾಹಿತಿ ಸಂಸ್ಥೆ) ಬುಕ್‌ಶೆಲ್ಫ್ ಅಂತ ಒಂದು ತಾಣ ಇದೆ, ಅಲ್ಲಿ 2002ರ ನಾಲ್ಕನೇ ಎಡಿಷನ್ ಉಚಿತ. ಪುಟ ತಿರುಗಿಸುತ್ತಾ ಓದಲು ಬರುವುದಿಲ್ಲ, ಬೇಕಾದ ವಿಷಯ ಟೈಪ್ ಮಾಡಿ ಹುಡುಕಿದರೆ ಆ ಭಾಗ ತೆರೆದುಕೊಳ್ಳುತ್ತದೆ. ಫೋನ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ರೆಪ್ಲಿಕೇಷನ್ (ಡಿಎನ್‌ಎ ನಕಲು), ಟ್ರಾನ್ಸ್‌ಕ್ರಿಪ್ಷನ್ (ಡಿಎನ್‌ಎಯಿಂದ ಆರ್‌ಎನ್‌ಎ), ಟ್ರಾನ್ಸ್‌ಲೇಷನ್ (ಆರ್‌ಎನ್‌ಎಯಿಂದ ಪ್ರೋಟೀನ್) ಇವುಗಳ ಬುಡ ಗಟ್ಟಿ ಮಾಡಿಕೊಳ್ಳಲು ಅಷ್ಟು ಹಳೆಯದಾದರೂ ನಡೆಯುತ್ತದೆ. ಜೀನ್ ತಿದ್ದುವ ಕ್ರಿಸ್ಪರ್‌ನಂಥದ್ದಕ್ಕೆ ನಡೆಯುವುದಿಲ್ಲ. ಅದರ ಕತ್ತರಿ ಪ್ರೋಟೀನ್ ಕ್ಯಾಸ್9 ಹಿಡಿದು ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಪೇಪರ್ ಬಂದದ್ದೇ 2012ರಲ್ಲಿ.

ಕನ್ನಡ ಮೀಡಿಯಂನಿಂದ ಬಂದವರಿಗೆ ನಾನು ಯಾವಾಗಲೂ ಹೇಳುವ ಮಾತು, ಪ್ಯಾರಾ ಓದುವ ಮೊದಲು ಚಿತ್ರ ನೋಡಿ, ಚಿತ್ರದ ಕೆಳಗಿನ ವಿವರ ಓದಿ. ಆಮೇಲೆ ಪ್ಯಾರಾಗೆ ಬಂದರೆ ಅರ್ಧ ಗೊತ್ತಿರುವ ವಿಷಯವನ್ನೇ ಓದಿದಂತಾಗುತ್ತದೆ. ಓದಿದ ಮೇಲೆ ಪುಸ್ತಕ ಮುಚ್ಚಿ, ಅದೇ ಚಿತ್ರವನ್ನು ನಿಮ್ಮ ಕೈಯಲ್ಲೇ ಬರೆಯಿರಿ. 5 ಪ್ರೈಮ್, 3 ಪ್ರೈಮ್ ಗುರುತು ಹಾಕದೆ ಯಾವ ಎಳೆಯನ್ನೂ ಬರೆಯಬೇಡಿ.

ವಿಡಿಯೋಗೆ ಬಂದರೆ, ಕ್ಲಾಸಿನ ರೀತಿಯಲ್ಲಿ ಬೇಕಾದರೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್. ಪಾಠ ಪೂರ್ತಿ ಉಚಿತ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆಗೆ ದುಡ್ಡು ಕಟ್ಟುತ್ತಾರೆ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ 7.01 ಅನ್ನೋ ಬಯಾಲಜಿ ಕೋರ್ಸ್ ಇದೆ, ಅದರ ವಿಡಿಯೋಗಿಂತ ಅದರ ಜೊತೆ ಕೊಟ್ಟಿರುವ ಲೆಕ್ಕಗಳೂ ಉತ್ತರಗಳೂ ಮುಖ್ಯ. ಐಬಯಾಲಜಿ ಅನ್ನೋ ವಿಡಿಯೋ ತಾಣದಲ್ಲಿ ಸಂಶೋಧನೆ ಮಾಡಿದವರೇ ತಮ್ಮ ಕೆಲಸ ವಿವರಿಸುತ್ತಾರೆ. ಮೊದಲ ಭಾಗ ಎಲ್ಲರಿಗೂ ಅರ್ಥವಾಗುವಂತಿರುತ್ತದೆ, ಅಷ್ಟು ನೋಡಿದರೂ ಲಾಭವೇ. ಕ್ಯಾಂಪಸ್‌ನಲ್ಲಿ ವೈಫೈ ಸಿಕ್ಕಾಗ ಇಳಿಸಿಕೊಂಡು ರೂಮಿನಲ್ಲಿ ನೋಡಿ, ಡೇಟಾ ಉಳಿಯುತ್ತದೆ.

ಪ್ರೋಟೀನ್ ಆಕಾರ ಕಣ್ಣಿಗೆ ಕಟ್ಟಬೇಕಾದರೆ ಪಿಡಿಬಿ-101 ತಾಣದ "ಮಾಲಿಕ್ಯೂಲ್ ಆಫ್ ದ ಮಂತ್" ನೋಡಿ. 2000ದಿಂದ ತಿಂಗಳಿಗೊಂದು ಅಣುವಿನ ಬಗ್ಗೆ ಚಿತ್ರ ಸಮೇತ ಬರೆಯುತ್ತಿದ್ದಾರೆ. ರೈಬೋಸೋಮ್ ಬಗ್ಗೆ ಬರೆದದ್ದನ್ನಂತೂ ಬಿಡಬೇಡಿ.

ದುರ್ಗದ_ಮೇಷ್ಟ್ರು

ಚಿತ್ರದುರ್ಗದಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ನೋಡಮ್ಮ, ನಿನ್ನ ಪ್ರಶ್ನೆಯಲ್ಲೇ ಬೇಕಾದ ಮಾತು ಇದೆ. "ಹೇಗೆ ಗೊತ್ತಾಯ್ತು" ಅನ್ನುವುದಕ್ಕೆ ಉತ್ತರ ಯಾವ ವಿಡಿಯೋದಲ್ಲೂ ಪೂರ್ತಿ ಸಿಗುವುದಿಲ್ಲ. ಪ್ರಯೋಗವನ್ನು ಪ್ರಯೋಗವಾಗಿಯೇ ಓದಬೇಕು. ಫಲಿತಾಂಶ ಬಾಯಿಪಾಠ ಮಾಡುವುದು ಓದಲ್ಲ.

ಮೆಸೆಲ್ಸನ್ ಮತ್ತು ಸ್ಟಾಲ್ ಅವರ 1958ರ ಪೇಪರ್‌ನಿಂದ ಶುರು ಮಾಡು. ಡಿಎನ್‌ಎ ನಕಲಾಗುವಾಗ ಹಳೇ ಎಳೆಗಳು ಏನಾಗುತ್ತವೆ ಅನ್ನುವುದು ಅವರ ಪ್ರಶ್ನೆ. ಚಿಕ್ಕದು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇ. ಕೊಲೈ ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್, ಅಂದರೆ ನೈಟ್ರೋಜನ್-15 ಇರುವ ಆಹಾರದಲ್ಲಿ ಹಲವು ತಲೆಮಾರು ಬೆಳೆಸಿದರು. ಆಮೇಲೆ ಮಾಮೂಲಿ ನೈಟ್ರೋಜನ್-14ಕ್ಕೆ ಬದಲಾಯಿಸಿದರು. ಡಿಎನ್‌ಎ ತೆಗೆದು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಜೋರಾಗಿ ತಿರುಗಿಸಿದರೆ, ತನ್ನ ಸಾಂದ್ರತೆಗೆ ತಕ್ಕ ಜಾಗದಲ್ಲಿ ಡಿಎನ್‌ಎ ಪಟ್ಟಿಯಾಗಿ ನಿಲ್ಲುತ್ತದೆ. ಇಲ್ಲಿಗೆ ಓದುವುದನ್ನು ನಿಲ್ಲಿಸು. ಒಂದು ಹಾಳೆಯಲ್ಲಿ ಕನ್ಸರ್ವೇಟಿವ್ (ಹಳೇ ಎರಡೂ ಎಳೆ ಒಟ್ಟಿಗೇ ಉಳಿಯುವುದು), ಸೆಮಿ ಕನ್ಸರ್ವೇಟಿವ್ (ಒಂದು ಹಳೇ ಎಳೆ, ಒಂದು ಹೊಸದು), ಡಿಸ್ಪರ್ಸಿವ್ (ಪ್ರತಿ ಎಳೆಯಲ್ಲೂ ಹಳೇದು ಹೊಸದು ಬೆರಕೆ) ಅಂತ ಮೂರು ಸಾಲು ಬರೆದು, ಒಂದು ತಲೆಮಾರು, ಎರಡು ತಲೆಮಾರು ಆದ ಮೇಲೆ ಪಟ್ಟಿ ಎಲ್ಲಿ ಬರಬೇಕು ಅಂತ ನೀನೇ ಗುರುತು ಹಾಕು. ಹಾಕಿದ ಮೇಲೆ ಪೇಪರ್‌ನ ಚಿತ್ರ ನೋಡು. ಮೊದಲ ತಲೆಮಾರಿನಲ್ಲಿ ಮಧ್ಯದಲ್ಲಿ ಒಂದೇ ಪಟ್ಟಿ ಬಂತು, ಕನ್ಸರ್ವೇಟಿವ್ ಹೋಯಿತು. ಎರಡನೆಯದರಲ್ಲಿ ಅರ್ಧ ಮಧ್ಯ, ಅರ್ಧ ಹಗುರ ಬಂತು, ಡಿಸ್ಪರ್ಸಿವ್ ಕೂಡ ಹೋಯಿತು. ಬರೀ ಒಂದನೇ ತಲೆಮಾರಿನ ಪಟ್ಟಿ ನೋಡಿ ಸೆಮಿ ಕನ್ಸರ್ವೇಟಿವ್ ಅಂತ ಹೇಳಲು ಬರುವುದಿಲ್ಲ ಅನ್ನುವುದು ನಿನಗೆ ಹಾಳೆ ಮೇಲೆ ಕಾಣಬೇಕು. ಇದನ್ನೇ ಪರೀಕ್ಷೆಯಲ್ಲಿ ತಿರುಗಿಸಿ ಕೇಳುವುದು.

ಆಮೇಲೆ ವೈರಸ್‌ನ ಆನುವಂಶಿಕ ವಸ್ತು ಡಿಎನ್‌ಎ, ಪ್ರೋಟೀನ್ ಅಲ್ಲ ಅಂತ ತೋರಿಸಿದ 1952ರ ಹರ್ಷಿ-ಚೇಸ್ ಪ್ರಯೋಗ, 1961ರಲ್ಲಿ ನಿರೆನ್‌ಬರ್ಗ್ ಮತ್ತು ಮತ್ತೈ ಬರೀ ಯು ಅಕ್ಷರದ ಆರ್‌ಎನ್‌ಎ ಹಾಕಿ ಬರೀ ಫಿನೈಲ್ ಅಲನಿನ್ ಸರಪಳಿ ಪಡೆದದ್ದು, ನಮ್ಮ ಖೊರಾನಾ ಅವರು ಗೊತ್ತಿರುವ ಅನುಕ್ರಮದ ಆರ್‌ಎನ್‌ಎ ತಯಾರಿಸಿ ಇನ್ನೂ ಹಲವು ಕೋಡಾನ್‌ಗಳನ್ನು (ಒಂದು ಅಮೈನೋ ಆಮ್ಲ ಸೂಚಿಸುವ ಮೂರು ಅಕ್ಷರಗಳ ಗುಂಪು) ಬಿಡಿಸಿದ್ದು. ಈ ಸಾಲಿನಲ್ಲೇ ಓದು.

ಲ್ಯಾಕ್ ಆಪೆರಾನ್‌ಗೆ (ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಬಳಸಲು ಬೇಕಾದ ಜೀನ್‌ಗಳ ಗುಂಪು) ಮಾತ್ರ ಜಾಸ್ತಿ ಸಮಯ ಕೊಡು. ರಿಪ್ರೆಸರ್ ಕೂತು ಜೀನ್‌ಗಳನ್ನು ತಡೆಯುವ ಜಾಗವೇ ಆಪರೇಟರ್. ಅದು ಕೆಟ್ಟರೆ, ಅಂದರೆ ಓಸಿ ಮ್ಯೂಟೇಷನ್ ಆದರೆ, ಅದೇ ಡಿಎನ್‌ಎ ಮೇಲೆ ಪಕ್ಕದಲ್ಲಿರುವ ಜೀನ್‌ಗಳಿಗೆ ಮಾತ್ರ ಪರಿಣಾಮ. ಐ ಜೀನ್ ಮಾಡುವ ರಿಪ್ರೆಸರ್ ಪ್ರೋಟೀನ್ ಆದ್ದರಿಂದ ಜೀವಕೋಶದಲ್ಲಿ ತೇಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಈ ಒಂದು ವ್ಯತ್ಯಾಸ ಹಿಡಿದರೆ ಎರಡು ಪ್ರತಿ ಇರುವ ಬ್ಯಾಕ್ಟೀರಿಯಾದ ಲೆಕ್ಕಗಳೆಲ್ಲ ಬರುತ್ತವೆ. ಒಂದು ಕೊಡುತ್ತೇನೆ, ಮಾಡು. ಒಂದು ಪ್ರತಿಯಲ್ಲಿ ಆಪರೇಟರ್ ಓಸಿ, ಬೀಟಾ ಗ್ಯಾಲಕ್ಟೋಸಿಡೇಸ್ ಕಿಣ್ವ ಮಾಡುವ ಝಡ್ ಜೀನ್ ಕೆಟ್ಟಿದೆ. ಇನ್ನೊಂದರಲ್ಲಿ ಆಪರೇಟರ್ ಸರಿ, ಝಡ್ ಸರಿ. ಎರಡರಲ್ಲೂ ಐ ಸರಿ. ಲ್ಯಾಕ್ಟೋಸ್ ಇಲ್ಲದಾಗ ಕೆಲಸ ಮಾಡುವ ಬೀಟಾ ಗ್ಯಾಲಕ್ಟೋಸಿಡೇಸ್ ಬರುತ್ತಾ?

ನೆಟ್_ತಯಾರಿ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಎಲ್ಲರಿಗೂ ಹಳೇ ಪೇಪರ್ ಓದುವಷ್ಟು ಸಮಯ ಇರುವುದಿಲ್ಲ. ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್‌ನಲ್ಲಿ 13 ಯೂನಿಟ್. ಇಕಾಲಜಿ, ಎವಲ್ಯೂಷನ್, ಪ್ಲಾಂಟ್ ಫಿಸಿಯಾಲಜಿ ಎಲ್ಲ ಸೇರಿದೆ. ಕೋಚಿಂಗ್ ನೋಟ್ಸ್ ಇಲ್ಲದೆ ಅಷ್ಟನ್ನೂ ಮುಗಿಸುವುದು ಕಷ್ಟ. ನಾನು ನೋಟ್ಸ್‌ನಿಂದಲೇ ಓದುತ್ತಿದ್ದೇನೆ.

ದುರ್ಗದ_ಮೇಷ್ಟ್ರು

ನೋಟ್ಸ್ ಬೇಡ ಅಂದಿಲ್ಲಪ್ಪ. ನಿನಗೆ ದೂರದ ಯೂನಿಟ್‌ಗಳಿಗೆ ನೋಟ್ಸ್ ಇಟ್ಟುಕೋ. ಆದರೆ ಲೆಕ್ಕ ನೋಡು. ಒಟ್ಟು 200 ಅಂಕದಲ್ಲಿ ಪಾರ್ಟ್ ಸಿ ಒಂದಕ್ಕೇ 100. ಅಲ್ಲಿ 75 ಪ್ರಶ್ನೆ ಕೊಟ್ಟು 25 ಬರೆಯಲು ಹೇಳುತ್ತಾರೆ, ಪ್ರಶ್ನೆಗೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. ಎಲ್ಲ ಯೂನಿಟ್ ಮುಟ್ಟಬೇಕು ಅಂತ ಇಲ್ಲ. ಪ್ರಯೋಗ ಕೊಟ್ಟು ಫಲಿತಾಂಶ ಊಹಿಸು ಅನ್ನುವಂಥ ಪ್ರಶ್ನೆಗಳೇ ಅಲ್ಲಿ ಹೆಚ್ಚು. ಬಯೋಕೆಮಿಸ್ಟ್ರಿ ಹುಡುಗಿಗೆ ಮೂರನೇ ಯೂನಿಟ್, ಅಂದರೆ ರೆಪ್ಲಿಕೇಷನ್, ಟ್ರಾನ್ಸ್‌ಕ್ರಿಪ್ಷನ್, ಟ್ರಾನ್ಸ್‌ಲೇಷನ್ ಬರುವ ಭಾಗ, ಮನೆಯಂಗಳ. ಅದನ್ನು ಪ್ರಯೋಗದಿಂದ ಓದಿದರೆ ಸಮಯ ಹಾಳಾಗುವುದಿಲ್ಲ.

ಜಗಳೂರು_ಬಯೋಕೆಮ್

ಸರ್, ಲ್ಯಾಕ್ ಲೆಕ್ಕ ಮಾಡಿದೆ. ಬರುವುದಿಲ್ಲ ಅಲ್ವಾ? ಓಸಿ ಇರುವ ಪ್ರತಿ ಸದಾ ಓಡುತ್ತಿದ್ದರೂ ಅದರ ಝಡ್ ಕೆಟ್ಟಿದೆ. ಸರಿ ಇರುವ ಝಡ್‌ನ ಆಪರೇಟರ್ ಮೇಲೆ ರಿಪ್ರೆಸರ್ ಕೂತಿರುತ್ತದೆ. ಲ್ಯಾಕ್ಟೋಸ್ ಕೊಟ್ಟರೆ ಮಾತ್ರ ಬರುತ್ತದೆ.

ದುರ್ಗದ_ಮೇಷ್ಟ್ರು

ಸರಿಯಾಗಿದೆ. ಈಗ ನಿನ್ನ 5 ಪ್ರೈಮ್ ಡೌಟ್. ಹೊಸ ನ್ಯೂಕ್ಲಿಯೋಟೈಡ್ ಬರುವಾಗ ತನ್ನ 5 ಪ್ರೈಮ್ ಕಡೆ ಮೂರು ಫಾಸ್ಫೇಟ್ ಹೊತ್ತುಕೊಂಡೇ ಬರುತ್ತದೆ. ಬೆಳೆಯುವ ಎಳೆಯ 3 ಪ್ರೈಮ್ ತುದಿಯ ಒಎಚ್ ಅದರ ಜೊತೆ ಸೇರುತ್ತದೆ, ಎರಡು ಫಾಸ್ಫೇಟ್ ಉದುರಿ ಶಕ್ತಿ ಸಿಗುತ್ತದೆ. ಅಂದರೆ ಶಕ್ತಿ ತರುವುದು ಹೊಸದಾಗಿ ಬರುವವನು. ತಪ್ಪು ಬೇಸ್ ಸೇರಿತು ಅನ್ನು, ಪಾಲಿಮರೇಸ್ ಅದನ್ನು ಕತ್ತರಿಸಿ ತೆಗೆದರೂ ತುದಿಯಲ್ಲಿ ಒಎಚ್ ಹಾಗೇ ಉಳಿಯುತ್ತದೆ, ಮುಂದಿನ ನ್ಯೂಕ್ಲಿಯೋಟೈಡ್ ತನ್ನ ಶಕ್ತಿ ತಾನೇ ತರುತ್ತದೆ, ಕೆಲಸ ನಿಲ್ಲುವುದಿಲ್ಲ. ಈಗ ಉಲ್ಟಾ ದಿಕ್ಕಿನಲ್ಲಿ ಬೆಳೆಯುತ್ತದೆ ಅಂತ ಇಟ್ಟುಕೋ. ಆಗ ಮೂರು ಫಾಸ್ಫೇಟ್ ಇರಬೇಕಾದ್ದು ಬೆಳೆಯುವ ತುದಿಯಲ್ಲಿ. ತಪ್ಪು ಬೇಸ್ ಕತ್ತರಿಸಿದರೆ ಅದರ ಜೊತೆ ಆ ಫಾಸ್ಫೇಟ್‌ಗಳೂ ಹೋದವು. ಮುಂದಿನದನ್ನು ಸೇರಿಸಲು ಶಕ್ತಿ ಎಲ್ಲಿಂದ? ಬೆಳವಣಿಗೆ ಅಲ್ಲೇ ನಿಂತುಬಿಡುತ್ತದೆ. ತಪ್ಪು ತಿದ್ದುವ ಸೌಲಭ್ಯ ಉಳಿಯಬೇಕಾದರೆ ಒಂದೇ ದಿಕ್ಕು ಬೇಕು, ಅದಕ್ಕೆ ಕೊಡುವ ಬೆಲೆ ನಿನ್ನ ಒಕಾಜಾಕಿ ತುಂಡುಗಳು. ಎರಡೂ ತುದಿಗಳನ್ನು ಫಾಸ್ಫೇಟ್ ಸಮೇತ ಬರೆದು ನೋಡು, ತಾನಾಗೇ ಗೊತ್ತಾಗುತ್ತದೆ.

ಹಿರಿಯೂರು_ಟು_ಬೆಂಗಳೂರು

ಲ್ಯಾಬ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹಿರಿಯೂರಿನವನು, ಬೆಂಗಳೂರಿನಲ್ಲಿ ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಪಿಸಿಆರ್ (ಡಿಎನ್‌ಎ ತುಂಡನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಕೆಲಸ. ಪಿಪೆಟ್ ಹಿಡಿಯುವುದನ್ನು ಫೋನ್‌ನಿಂದ ಕಲಿಯಲು ಆಗುವುದಿಲ್ಲ, ಅದು ನಿಜ. ಆದರೆ ಪಿಪೆಟ್ ಹಿಡಿಯುವ ಮೊದಲಿನ ಯೋಚನೆ ಪೂರ್ತಿ ಫೋನ್‌ನಲ್ಲೇ ಕಲಿಯಬಹುದು.

ಹೀಗೆ ಮಾಡಿ. ಎನ್‌ಸಿಬಿಐ ತಾಣದಲ್ಲಿ ಎಚ್‌ಬಿಬಿ ಅಂತ ಹುಡುಕಿ, ಅದು ಬೀಟಾ ಗ್ಲೋಬಿನ್ ಜೀನ್. ಎಂಆರ್‌ಎನ್‌ಎ ಅನುಕ್ರಮ ತೆಗೆದು ಎಟಿಜಿ ಹುಡುಕಿ. ಅಲ್ಲಿಂದ ಮೂರು ಮೂರು ಅಕ್ಷರ ಬಿಡಿಸುತ್ತಾ ಹೋಗಿ, ಎಟಿಜಿ, ಜಿಟಿಜಿ, ಸಿಎಟಿ, ಸಿಟಿಜಿ, ಎಸಿಟಿ, ಸಿಸಿಟಿ, ಜಿಎಜಿ ಅಂತ ಬರುತ್ತದೆ. ಈ ಜಿಎಜಿ ಹೋಗಿ ಜಿಟಿಜಿ ಆದರೆ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್, ಸಿಕಲ್ ಸೆಲ್ ಕಾಯಿಲೆ. ಒಂದೇ ಅಕ್ಷರ. ಇನ್ನೂ ಮುಂದೆ ಹೋಗಿ. ಎಂಎಸ್‌ಟಿ-2 ಅನ್ನೋ ಕತ್ತರಿಸುವ ಕಿಣ್ವಕ್ಕೆ ಬೇಕಾದ ಗುರುತು ಸಿಸಿಟಿ, ಆಮೇಲೆ ಯಾವುದೋ ಒಂದು ಅಕ್ಷರ, ಆಮೇಲೆ ಎಜಿಜಿ. ಮಾಮೂಲಿ ಜೀನ್‌ನಲ್ಲಿ ಸರಿಯಾಗಿ ಆ ಜಾಗದಲ್ಲೇ ಆ ಗುರುತು ಇದೆ, ಸಿಕಲ್ ಸೆಲ್‌ನಲ್ಲಿ ಇಲ್ಲ. ಅದಕ್ಕೇ ಮಾಮೂಲಿ ಡಿಎನ್‌ಎ ಅಲ್ಲಿ ತುಂಡಾಗುತ್ತದೆ, ಸಿಕಲ್ ಸೆಲ್‌ನದು ಉದ್ದ ಉಳಿಯುತ್ತದೆ. ಜೆಲ್‌ನಲ್ಲಿ ಓಡಿಸಿದರೆ ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್ ಆಗಿದ್ದರೆ ಅವರ ಸಾಲಿನಲ್ಲಿ ಯಾವ ಯಾವ ಪಟ್ಟಿ ಬರಬೇಕು ಬರೆಯಿರಿ. ಆಮೇಲೆ ಅದೇ ತಾಣದ ಪ್ರೈಮರ್-ಬ್ಲಾಸ್ಟ್‌ನಲ್ಲಿ ಅದೇ ಜೀನ್‌ಗೆ ಪ್ರೈಮರ್ (ಪಿಸಿಆರ್ ಶುರು ಮಾಡುವ ಚಿಕ್ಕ ಡಿಎನ್‌ಎ ತುಂಡು) ಮಾಡಿ, ಎರಡು ಪ್ರೈಮರ್‌ಗಳ ಟಿಎಂ (ಜೋಡಿ ಬಿಡುವ ಉಷ್ಣತೆ) ಹತ್ತಿರ ಹತ್ತಿರ ಯಾಕೆ ಇರಬೇಕು ಅಂತ ಯೋಚಿಸಿ. ಒಂದು ಜೀನ್ ಹಿಡಿದು ಇಷ್ಟು ಮಾಡಿದವರು ಇಂಟರ್‌ವ್ಯೂನಲ್ಲಿ ಬೇರೆಯೇ ಕಾಣುತ್ತಾರೆ, ನಾನು ಕೂತು ನೋಡಿದ್ದೇನೆ.

ಅಮೃತ ವಿಶ್ವವಿದ್ಯಾಲಯದ ವರ್ಚುವಲ್ ಲ್ಯಾಬ್‌ನಲ್ಲಿ ಮಾಲಿಕ್ಯುಲರ್ ಬಯಾಲಜಿ ಪ್ರಯೋಗಗಳ ಹಂತಗಳಿವೆ, ಅದೂ ಉಚಿತ. ಪ್ರಾಕ್ಟಿಕಲ್ ಹಿಂದಿನ ದಿನ ನೋಡಿಕೊಂಡು ಹೋಗಿ.

ನಿಜವಾದ ಲ್ಯಾಬ್‌ಗೆ ದಾರಿ ಅಂದರೆ ಬೇಸಿಗೆ ಫೆಲೋಶಿಪ್. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುತ್ತವೆ, ಎರಡು ತಿಂಗಳು ಒಂದು ಲ್ಯಾಬ್‌ನಲ್ಲಿ ಕೆಲಸ, ಸ್ಟೈಪೆಂಡ್ ಇರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್‌ನದು ಬೇರೆ ಇದೆ. ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯಲ್ಲೇ ಕರೆಯುತ್ತಾರೆ, ಬೇಸಿಗೆ ಬರಲಿ ಅಂತ ಕಾಯಬೇಡಿ. ಅರ್ಜಿ ಜೊತೆ ಬರೆದುಕೊಡುವ ಪುಟದಲ್ಲಿ "ನನಗೆ ಸಂಶೋಧನೆ ಆಸಕ್ತಿ ಇದೆ" ಅಂತ ಸುಮ್ನೆ ಬರೆಯುವ ಬದಲು, ಒಂದು ಪ್ರಯೋಗ ಯಾಕೆ ಇಷ್ಟವಾಯಿತು ಅಂತ ಬರೆಯಿರಿ.

ದುರ್ಗದ_ಮೇಷ್ಟ್ರು

ಇದರ ಜೊತೆ ಒಂದು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ನಿಮ್ಮ ಹಳೇ ಕಾಲೇಜಿನ ಮೇಷ್ಟ್ರು ಮೇಡಂಗಳಿಗೆ ತಿಳಿಸಿ. ಅವರ ಕೈ ಪಳಗಿದರೆ ಮುಂದಿನ ಬ್ಯಾಚಿನ ಮಕ್ಕಳಿಗೆ ಲ್ಯಾಬ್ ಸಿಗುತ್ತದೆ.

ಜಗಳೂರು_ಬಯೋಕೆಮ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಕ್‌ಶೆಲ್ಫ್ ತೆರೆಯಿತು, ಫೋನ್‌ನಲ್ಲೂ ಚೆನ್ನಾಗಿದೆ. ಹಿರಿಯೂರು ಅಣ್ಣ, ಎಚ್‌ಬಿಬಿ ತೆಗೆದೆ. ಎಟಿಜಿಯಿಂದ ಎಣಿಸಿದರೆ ಆ ಜಿಎಜಿ ಏಳನೆಯದಾಗಿ ಬರುತ್ತಿದೆ. ನಮ್ಮ ನೋಟ್ಸ್‌ನಲ್ಲಿ ಆರನೇ ಜಾಗ ಅಂತ ಇದೆ. ಯಾವುದು ಸರಿ?

ಹಿರಿಯೂರು_ಟು_ಬೆಂಗಳೂರು

ಎರಡೂ ಸರಿ ತಂಗಿ. ಪ್ರೋಟೀನ್ ತಯಾರಾಗುತ್ತಿರುವಾಗಲೇ ಮೊದಲ ಮೆಥಿಯೊನಿನ್ ಕತ್ತರಿಸಿ ಹೋಗುತ್ತದೆ. ಹಿಂದೆ ಹಿಮೋಗ್ಲೋಬಿನ್ ಪ್ರೋಟೀನನ್ನೇ ನೇರವಾಗಿ ಓದಿ ಎಣಿಸಿದ್ದರಿಂದ ವ್ಯಾಲಿನ್ ಒಂದನೆಯದು, ಇದು ಆರನೆಯದು. ಈಗಿನ ಜೆನೆಟಿಕ್ ರಿಪೋರ್ಟ್‌ಗಳಲ್ಲಿ ಎಟಿಜಿಯ ಮೆಥಿಯೊನಿನ್ ಸೇರಿಸಿ ಎಣಿಸುತ್ತಾರೆ, ಅಲ್ಲಿ ಏಳು ಅಂತಲೇ ಇರುತ್ತದೆ. ಪರೀಕ್ಷೆಯಲ್ಲಿ ಆರು ಅಂತ ಕೇಳಿದರೆ ಗೊಂದಲ ಮಾಡಿಕೊಳ್ಳಬೇಡ. ಜೆಲ್ ಬರೆದಾದ ಮೇಲೆ ಇಲ್ಲೇ ಹಾಕು, ನೋಡೋಣ.